ಮದುವೆಯ ಕೇಕಿಗೆ ಐದು ಅಂತಸ್ತು ಯಾಕೆ ಬೇಕು?

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಸಕ್ಕರೆ, ಬೆಣ್ಣೆ ಎರಡೂ ರೇಷನ್ನಿಗೆ ಬಿದ್ದವು. 1940ರಲ್ಲಿ ಅಲ್ಲಿನ ಸರ್ಕಾರ ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಹಾಕುವುದನ್ನೇ ನಿಷೇಧಿಸಿತು. ಮದುವೆಗಳೇನೂ ನಿಲ್ಲಲಿಲ್ಲ. ರಜೆಯ ಮೇಲೆ ಬಂದ ಸೈನಿಕರು ಅವಸರದಲ್ಲಿ ಮದುವೆಯಾಗಿ ಮತ್ತೆ ಯುದ್ಧಕ್ಕೆ ಹೊರಡುತ್ತಿದ್ದರು. ಬೇಕರಿಯವರು ಅದಕ್ಕೊಂದು ದಾರಿ ಹುಡುಕಿದರು. ರಟ್ಟಿನಲ್ಲೋ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲೋ ಅಂತಸ್ತುಗಳಿರುವ ಬಿಳಿ ಕವಚ ಮಾಡಿ ಬಾಡಿಗೆಗೆ ಕೊಟ್ಟರು. ಫೋಟೊ ಮುಗಿದ ಮೇಲೆ ಕವಚ ಎತ್ತಿದರೆ ಒಳಗೊಂದು ಪುಟ್ಟ ಕೇಕು: ನೆಂಟರು, ನೆರೆಯವರು ತಮ್ಮ ತಮ್ಮ ಪಾಲಿನ ರೇಷನ್ ಕೂಡಿಸಿ ಕೊಟ್ಟ ಸಾಮಾನಿನಿಂದ ಮಾಡಿದ್ದು.

ಇವತ್ತು ಮಂಗಳೂರಿನ ಹಾಲ್‌ಗಳಲ್ಲಿ, ಬೆಂಗಳೂರಿನ ರಿಸೆಪ್ಷನ್ ವೇದಿಕೆಗಳಲ್ಲಿ ಅದೇ ಕವಚ ಬೇರೆ ರೂಪದಲ್ಲಿ ನಿಂತಿದೆ. ಐದು ಅಂತಸ್ತಿನ ಕೇಕಿನಲ್ಲಿ ನಾಲ್ಕು ಅಂತಸ್ತು ಥರ್ಮೊಕೋಲ್. ಚಾಕು ಇಳಿಯುವ ಜಾಗದಲ್ಲಿ ಮಾತ್ರ ನಿಜವಾದ ಕೇಕು. ಬೇಕರಿಯವರು ಇದನ್ನು ‘ಡಮ್ಮಿ’ ಎನ್ನುತ್ತಾರೆ. ಯುದ್ಧಕಾಲದ ವಧೂವರರಿಗೆ ಸಕ್ಕರೆಯೇ ಸಿಗುತ್ತಿರಲಿಲ್ಲ. ಇಲ್ಲಿ ಸಕ್ಕರೆಗೇನೂ ಬರವಿಲ್ಲ. ಆದರೂ ಹಾಲ್ ಬಾಡಿಗೆ, ಊಟ, ಒಡವೆಗಳಿಗೆ ಸಾಲ ಮಾಡಿದ ಕುಟುಂಬವೊಂದು ಯಾರೂ ತಿನ್ನದ ಎತ್ತರಕ್ಕೂ ದುಡ್ಡು ತೆರುತ್ತದೆ. ಇದು ಬೇಡದ ಖರ್ಚು. ಇದನ್ನು ಬೇಡ ಎನ್ನುವುದು ಜಿಪುಣತನವಲ್ಲ.

ಈ ಎತ್ತರ ಬಂದಿದ್ದು ಅರಮನೆಯಿಂದ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಕೇಕು ಸುಮಾರು 300 ಪೌಂಡ್ ತೂಗುತ್ತಿತ್ತು. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಬ್ರಿಟನ್ನಿನಲ್ಲಿ ರೇಷನ್ ಇನ್ನೂ ಮುಗಿದಿರಲಿಲ್ಲ. ಕೇಕಿಗೆ ಬೇಕಾದ ಸಾಮಾನನ್ನು ಆಸ್ಟ್ರೇಲಿಯಾದ ಗರ್ಲ್ ಗೈಡ್ಸ್ ಹುಡುಗಿಯರು ಕಳಿಸಿದರು. ನಾಲ್ಕು ಅಂತಸ್ತಿನ ಆ ಕೇಕು 9 ಅಡಿ ಎತ್ತರವಿತ್ತು. ಕುತೂಹಲದ ಸಂಗತಿಯೆಂದರೆ, ಅರಮನೆಯೇ ಈಗ ಆ ಎತ್ತರದಿಂದ ಇಳಿದಿದೆ. 2018ರಲ್ಲಿ ರಾಜಕುಮಾರ ಹ್ಯಾರಿ–ಮೇಗನ್ ಮದುವೆಯ ನಿಂಬೆಹಣ್ಣಿನ ಕೇಕನ್ನು ಗೋಪುರದಂತೆ ಪೇರಿಸದೆ ಬೇರೆ ಬೇರೆ ಸ್ಟ್ಯಾಂಡುಗಳ ಮೇಲೆ ಇಟ್ಟಿದ್ದರು. ಮೇಲೆ ಬಟರ್‌ಕ್ರೀಮ್, ಅಲಂಕಾರಕ್ಕೆ ತಾಜಾ ಹೂವು. ಅಷ್ಟೇ.

ಅಗ್ಗದ ಕೇಕು ಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು, ದುಡ್ಡು ಎಲ್ಲಿ ಹೋಗುತ್ತದೆ ಎಂಬುದನ್ನು. ಮೈದಾ, ಸಕ್ಕರೆ, ಮೊಟ್ಟೆಗೆ ಹೋಗುವುದು ಬಿಲ್ಲಿನ ಸಣ್ಣ ಪಾಲು. ದೊಡ್ಡ ಪಾಲು ಕೈಕೆಲಸದ್ದು. ಸಕ್ಕರೆಯ ಹಿಟ್ಟನ್ನು, ಅಂದರೆ ಫಾಂಡಂಟ್ ಅನ್ನು, ಹಪ್ಪಳದಂತೆ ಲಟ್ಟಿಸಿ ಸುಕ್ಕಿಲ್ಲದೆ ಹೊದಿಸಬೇಕು. ಒಂದೊಂದೇ ಎಸಳು ಮಾಡಿ, ಒಣಗಿಸಿ ಗುಲಾಬಿ ಕಟ್ಟಬೇಕು. ಈ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ, ಅದಕ್ಕೆ ಬೆಲೆ ಕೇಳುವುದು ನ್ಯಾಯವೇ. ಅದಕ್ಕೇ ಹೊಸದಾಗಿ ಮಾಡಿಸಿದ ಡಮ್ಮಿ ಅಂತಸ್ತಿನಿಂದ ಹೆಚ್ಚೇನೂ ಉಳಿಯುವುದಿಲ್ಲ. ಥರ್ಮೊಕೋಲ್ ಮೇಲೆ ಹೊದಿಸಿದರೂ ಶ್ರಮ ಅಷ್ಟೇ. ಮತ್ತೆ ಮತ್ತೆ ಬಾಡಿಗೆಗೆ ಹೋಗುವ ಸಿದ್ಧ ಡಮ್ಮಿಯಾದರೆ ಮಾತು ಬೇರೆ. ಇನ್ನೊಂದು ವಿಷಯ: ಕೆ.ಜಿ. ಲೆಕ್ಕದಲ್ಲಿ ಮಾರುವಾಗ ಸಾಮಾನ್ಯವಾಗಿ ಫಾಂಡಂಟ್ ಹೊದಿಕೆಯ ಭಾರವೂ ತೂಕದಲ್ಲಿ ಸೇರುತ್ತದೆ. ಅತಿಥಿಗಳಲ್ಲಿ ಎಷ್ಟೋ ಜನ ಆ ಹೊದಿಕೆಯನ್ನೇ ಸುಲಿದು ತಟ್ಟೆಯ ಬದಿಗಿಡುತ್ತಾರೆ.

ಸಕ್ಕರೆಯ ಶಿಲ್ಪವನ್ನು ಕಣ್ತುಂಬ ನೋಡಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ವರ್ಷದ ಕೊನೆಗೆ ಕೇಕ್ ಷೋ ನಡೆಯುತ್ತದೆ. ಅದು ಕಲೆ, ನೋಡಲೆಂದೇ ಮಾಡಿದ್ದು. ಮದುವೆಯ ಕೇಕು ಹಂಚಿ ತಿನ್ನಲು.

ಹಂಚುವುದಾದರೆ ಲೆಕ್ಕ ಸರಳ. ಊಟಕ್ಕೆ ಮುಂಚೆ ಕೊಡುವ ತುಂಡು 40ರಿಂದ 50 ಗ್ರಾಂ ಇದ್ದರೆ ಸಾಕು. ಒಂದು ಕೆ.ಜಿ. ಕೇಕಿನಲ್ಲಿ 20ರಿಂದ 25 ಜನಕ್ಕೆ ಆಗುತ್ತದೆ. 500 ಜನ ಸೇರುವ ರಿಸೆಪ್ಷನ್ನಿಗೆ 20 ಕೆ.ಜಿ. ಬೇಕೆನ್ನೋಣ. ಫಾಂಡಂಟ್ ಕೇಕಿಗೆ ಕೆ.ಜಿ.ಗೆ 1,500 ರೂಪಾಯಿ, ಸಾದಾ ಕೇಕಿಗೆ 700 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ಇಡೀ ಕೇಕನ್ನು ಫಾಂಡಂಟ್‌ನಲ್ಲೇ ಮಾಡಿಸಲು 30,000 ರೂಪಾಯಿ. ವೇದಿಕೆಗೆ 3 ಕೆ.ಜಿ.ಯ ಚೆಂದದ ಕೇಕು, ಅಡುಗೆಮನೆಯಲ್ಲಿ ಕತ್ತರಿಸಿ ಹಂಚಲು 17 ಕೆ.ಜಿ. ಸಾದಾ ಟ್ರೇ ಕೇಕು ಎಂದರೆ 16,400 ರೂಪಾಯಿ. ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅತಿಥಿಯ ತುಂಡೇನೂ ಚಿಕ್ಕದಾಗಲಿಲ್ಲ. ದರ ಊರಿನಿಂದ ಊರಿಗೆ, ಬೇಕರಿಯಿಂದ ಬೇಕರಿಗೆ ಬದಲಾಗುತ್ತದೆ, ಆದರೆ ಲೆಕ್ಕದ ದಾರಿ ಇದೇ.

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಅವರ ಮನೆಯಲ್ಲೇ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಕ್ಯಾಥೊಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಸ್ಟರ್ ಆದ ಕೂಡಲೇ ಮದುವೆಗಳು ಒಂದರ ಹಿಂದೆ ಒಂದು ಬರುತ್ತವೆ, ಅದೂ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಂಗಳೂರಿನ ಆ ದಿನಗಳ ಮಧ್ಯಾಹ್ನವೂ ಅಷ್ಟೇ ಬಿಸಿ. ಬಟರ್‌ಕ್ರೀಮ್ ಜಾರುತ್ತದೆ, ಸೆಕೆಗೆ ಫಾಂಡಂಟ್ ಬೆವರುತ್ತದೆ. ಇವನ್ನು ಉಳಿಸಿಕೊಳ್ಳಲು ಎ.ಸಿ. ವಾಹನ, ಕೊನೆಯ ಗಳಿಗೆಯ ಸಾಗಣೆ, ಸ್ಥಳದಲ್ಲೇ ಜೋಡಿಸುವ ಆಳು ಎಂದು ಬಿಲ್ಲು ಬೆಳೆಯುತ್ತಲೇ ಹೋಗುತ್ತದೆ.

ಆದರೆ ರಮ್ಮಿನಲ್ಲಿ ನೆನೆಸಿದ ಒಣಹಣ್ಣಿನ ಕೇಕು ಈ ಸೆಕೆಗೆ ಬೆದರುವುದಿಲ್ಲ. ವಾರಗಟ್ಟಲೆ ಕೆಡದೆ ಇರುತ್ತದೆ, ಇರುತ್ತಾ ರುಚಿ ಕೂಡುತ್ತದೆ. ಮದುವೆಗಳಿಲ್ಲದೆ ಬೇಕರಿಗೆ ಬಿಡುವಿರುವ ತಪಸ್ಸು ಕಾಲದ ಕೊನೆಯ ವಾರಗಳಲ್ಲೇ ಮಾಡಿಸಿಡಬಹುದು. ಕ್ರಿಸ್‌ಮಸ್‌ಗೆ ಕೇಕು ಬೇಯಿಸುವ ಕೈ ಮನೆಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಗೋಡಂಬಿ, ದ್ರಾಕ್ಷಿಯಿಂದಾಗಿ ಕೆ.ಜಿ.ಗೆ ಬೆಲೆ ಹೆಚ್ಚು, ನಿಜ. ಆದರೆ ಈ ಕೇಕು ಗಟ್ಟಿ, ಸಿಹಿಯೂ ಗಾಢ. 25–30 ಗ್ರಾಮಿನ ತುಂಡೇ ಸಾಕು. 500 ಜನಕ್ಕೆ 20 ಕೆ.ಜಿ. ಬದಲು 12.5–15 ಕೆ.ಜಿ.ಯಲ್ಲಿ ಮುಗಿಯುತ್ತದೆ. ಬಾದಾಮಿಯ ಜಾಗದಲ್ಲಿ ಗೋಡಂಬಿ ಹಾಕಿದ ಮಾರ್ಜಿಪಾನ್ ಹೊದಿಸಿದರೆ ಅದು ಹಾಲ್‌ನ ಯಾವ ಫಾಂಡಂಟ್ ಗೋಪುರಕ್ಕೂ ಕಡಿಮೆಯಲ್ಲ. ವಧೂವರರಿಗೆ ಶುಭ ಕೋರುವ ಟೋಸ್ಟ್‌ಗೆ ವೈನ್ ಜೊತೆ ಹಂಚಲು ಇದಕ್ಕಿಂತ ಚೆನ್ನಾಗಿ ಹೊಂದುವ ಕೇಕು ಬೇರೆ ಇಲ್ಲ.

ಕೇಕು ಕತ್ತರಿಸುವ ಪದ್ಧತಿ ಈಗ ಹಿಂದೂ ಮದುವೆಗಳ ರಿಸೆಪ್ಷನ್‌ಗೂ ಬಂದಿದೆ. ಅಲ್ಲಿ ಮೊಟ್ಟೆ ತಿನ್ನದವರೂ ಇರುತ್ತಾರೆ. ವೇದಿಕೆಗೊಂದು, ಸಸ್ಯಾಹಾರಿಗಳಿಗೊಂದು ಎಂದು ಎರಡು ಬಗೆ ಮಾಡಿಸಿದರೆ ಖರ್ಚೂ ಹೆಚ್ಚು, ಗೊಂದಲವೂ ಹೆಚ್ಚು. ಎಲ್ಲರಿಗೂ ಎಗ್‌ಲೆಸ್ ಸಾಕು. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಒಂದು ಅಯ್ಯಂಗಾರ್ ಬೇಕರಿ ಇದ್ದೇ ಇರುತ್ತದೆ. ಅಲ್ಲಿನ ಹನಿ ಕೇಕು, ಮೇಲೆ ಜಾಮು, ಅದರ ಮೇಲೆ ಒಣಕೊಬ್ಬರಿ ತುರಿ: ಶಾಲೆಯಿಂದ ಮರಳುವಾಗ ಇದನ್ನು ತಿನ್ನದೆ ಬೆಳೆದವರು ಈ ಊರಿನಲ್ಲಿ ಕಡಿಮೆ. ಪರಸ್ಥಳದ ಹೆಸರಿನ ಯಾವುದೋ ಫ್ಲೇವರ್ ಬದಲು ಟ್ರೇಗಟ್ಟಲೆ ಎಗ್‌ಲೆಸ್ ಹನಿ ಕೇಕು ಹಂಚಿದರೆ ಅತಿಥಿಗಳು ಬೇಡ ಎನ್ನುವರೇ? ಎರಡನೇ ತುಂಡು ಕೇಳುತ್ತಾರೆ.

ಒಂದು ಕಡೆ ಮಾತ್ರ ಉಳಿತಾಯ ಕೂಡದು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳಿಂದ ತಂದ 235 ಕೇಕು ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣಗಳು ಮಿತಿ ಮೀರಿದ್ದವು. ಅಲ್ಯೂರಾ ರೆಡ್, ಸನ್‌ಸೆಟ್ ಯೆಲ್ಲೋ, ಟಾರ್ಟ್ರಾಜಿನ್‌ನಂಥವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಬಗೆಯ ಕೇಕುಗಳ ಬಗ್ಗೆ ಇಲಾಖೆ ಎಚ್ಚರಿಕೆಯನ್ನೂ ಕೊಟ್ಟಿತು. ಮಂಟಪದ ಬಣ್ಣಕ್ಕೆ ಹೊಂದಲಿ ಎಂದು ಕಡುಗೆಂಪು, ಕಡುನೀಲಿ ಕೇಕು ಕೇಳುವ ಮುಂಚೆ ಇದು ನೆನಪಿರಬೇಕು, ಆ ಕೇಕಿನ ಮುಂದೆ ಮೊದಲು ಸಾಲುಗಟ್ಟುವವರು ಮಕ್ಕಳು. ಮನೆಯಲ್ಲೇ ಕೇಕು ಮಾಡಿ ಮಾರುವ ಹೆಂಗಸರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ದರ ಎಷ್ಟೋ ಸಲ ಕಡಿಮೆ, ಕೆಲಸ ಅಚ್ಚುಕಟ್ಟು. ಅವರಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನೋಂದಣಿ ಸಂಖ್ಯೆ ಕೇಳಬೇಕು, ಮೇಲಿನ ಕ್ರೀಮು ಹಾಲಿನದೋ ಸಸ್ಯದೆಣ್ಣೆಯದೋ ಎಂದು ವಿಚಾರಿಸಬೇಕು. ಹೂವಿನ ಅಲಂಕಾರವಿದ್ದರೆ ಸ್ಟ್ಯಾಂಡಿನ ಸುತ್ತ ಇರಲಿ. ಮಾರುಕಟ್ಟೆಯ ಗುಲಾಬಿಗೆ ಕೀಟನಾಶಕ ಹೊಡೆದಿರುತ್ತಾರೆ, ಕಣಗಿಲೆಯಂತೂ ವಿಷ.

ಇನ್ನು ಬಿಲ್ಲು. ಕೇಕು, ಪೇಸ್ಟ್ರಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಮುಂಗಡ ಕೊಡುವಾಗಲೇ ಕೆ.ಜಿ. ದರ, ಅಲಂಕಾರದ ದರ, ಸಾಗಣೆ, ಸ್ಟ್ಯಾಂಡಿನ ಬಾಡಿಗೆ ಇವನ್ನು ಬೇರೆ ಬೇರೆಯಾಗಿ ಬರೆಸಿಕೊಂಡರೆ, ತೆರಿಗೆ ಹಳೆಯ ದರದಲ್ಲಿ ಸೇರಿದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.