ಪಾದ ಅಳೆದು ಕೊಡಿ, ತರಗತಿ ನೋಡಿ ಅಲ್ಲ

ಮೇ ತಿಂಗಳ ಕೊನೆಯ ವಾರ ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳ ಚಪ್ಪಲಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನೋಟ್‌ಬುಕ್ಕಿನ ಕಟ್ಟು ಹಿಡಿದ ಅಮ್ಮ, ಸ್ಟೂಲಿನ ಮೇಲೆ ಕುಳಿತ ಮಗು, ಸುತ್ತ ಬಾಯಿ ತೆರೆದು ಬಿದ್ದ ರಟ್ಟಿನ ಪೆಟ್ಟಿಗೆಗಳು. ಮಗು ಎದ್ದು ನಾಲ್ಕು ಹೆಜ್ಜೆ ಹಾಕುವ ಮೊದಲೇ ತೀರ್ಮಾನ ಆಗಿರುತ್ತದೆ: “ಒಂದು ಸೈಜ್ ದೊಡ್ಡದೇ ಕೊಡಿ, ಬರುವ ವರ್ಷಕ್ಕೂ ಆಗ್ತದೆ.” ಅಂಗಡಿಯವರು ಶೂವಿನ ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, “ಮುಂದೆ ಸ್ವಲ್ಪ ಹತ್ತಿ ಇಟ್ಟರೆ ಸಾಕು” ಎನ್ನುತ್ತಾರೆ. ವ್ಯಾಪಾರ ಮುಗಿಯಿತು. ಅದರೊಳಗೆ ಹತ್ತು ತಿಂಗಳು ಕಳೆಯಬೇಕಾದ ಪಾದವನ್ನು ಯಾರೂ ಅಳೆದಿರುವುದಿಲ್ಲ.

ಇದೇ ಮನೆಯವರು ಮಗುವನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದರೆ ಲೆಕ್ಕಾಚಾರವೇ ಬೇರೆ. ‘ಬರುವ ವರ್ಷಕ್ಕೂ ಆಗಲಿ’ ಎಂದು ತಂದ ದೊಡ್ಡ ಸ್ಕೇಟನ್ನು ಯಾವ ಒಳ್ಳೆಯ ಕೋಚೂ ಒಪ್ಪುವುದಿಲ್ಲ. ಹಿಮ್ಮಡಿ ಒಂದಿಷ್ಟು ಮೇಲೆದ್ದರೂ ಕಣಕಾಲು ವಾಲುತ್ತದೆ, ಗಾಲಿ ಹೇಳಿದ ಕಡೆಗೆ ತಿರುಗುವುದಿಲ್ಲ, ಮಗು ಬೀಳುತ್ತದೆ. ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗ್‌ನಲ್ಲಂತೂ ಬೂಟನ್ನು ಮಿಲಿಮೀಟರ್ ಲೆಕ್ಕದಲ್ಲೇ ಆರಿಸುವುದು. ಮಗು ನೆಟ್ಟಗೆ ನಿಂತಾಗ ಬೆರಳುಗಳು ಬೂಟಿನ ಮುಂಭಾಗಕ್ಕೆ ತಾಗಿಯೂ ತಾಗದಂತಿರಬೇಕು. ಮೊಣಕಾಲು ಮಡಚಿದಾಗ ಪಾದ ತುಸು ಹಿಂದೆ ಸರಿದು ಬೆರಳಾಡಿಸಲು ಜಾಗ ಸಿಗಬೇಕು. ಹಿಮ್ಮಡಿ ಮಾತ್ರ ಅಲುಗಕೂಡದು. ಹಾಕುವ ಸಾಕ್ಸ್ ತೆಳ್ಳಗಿರಬೇಕು, ದಪ್ಪ ಸಾಕ್ಸ್ ಹಾಕಿ ದೊಡ್ಡ ಬೂಟನ್ನು ಸರಿಮಾಡುವ ಉಪಾಯ ಅಲ್ಲಿ ನಡೆಯದು. ಅಂಥ ಐಸ್ ಅಂಗಣ ದಕ್ಷಿಣ ಕನ್ನಡದ ಮಕ್ಕಳಿಗೆ ದೂರದ ಮಾತು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಕಟ್ಟಿದ ಅಂಗಣ ಸೇರಿ ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟೇ ಇವೆ. ಇಲ್ಲಿನವರಿಗೆ ಗೊತ್ತಿರುವುದು ಗಾಲಿಯ ಸ್ಕೇಟ್. ಆದರೆ ಪಾದದ ನಿಯಮ ಎರಡಕ್ಕೂ ಒಂದೇ.

ವಾರಕ್ಕೆ ಎರಡು ಗಂಟೆಯ ಆಟಕ್ಕೆ ಇಷ್ಟು ಎಚ್ಚರ ಬೇಕು ಎಂದಾದರೆ, ದಿನಕ್ಕೆ ಏಳೆಂಟು ಗಂಟೆ ಕಾಲಿನಲ್ಲಿರುವ ಶಾಲೆಯ ಶೂವಿಗೆ ಯಾಕೆ ಬೇಡ? ಈ ಪ್ರಶ್ನೆಯನ್ನು ಹೆತ್ತವರಿಗಿಂತ ಮೊದಲು ಸರಕಾರಕ್ಕೂ ಶಾಲೆಗಳಿಗೂ ಕೇಳಬೇಕಾಗಿದೆ.

ಸರಕಾರಿ ಶಾಲೆಯ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಸಿಗುತ್ತದೆ. ಜನ ಇದನ್ನು ‘ಶೂ ಭಾಗ್ಯ’ ಎಂದೇ ಕರೆದರು. ಖರೀದಿ ಆಯಾ ಶಾಲೆಯ ಎಸ್‌ಡಿಎಂಸಿಯ ಹೊಣೆ. ಒಂದರಿಂದ ಐದನೇ ತರಗತಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325 ಎಂಬ ದರ ಹಲವು ವರ್ಷ ಹಾಗೆಯೇ ನಡೆದುಬಂತು. ಬರಿಗಾಲಲ್ಲಿ ಶಾಲೆಗೆ ಬರುತ್ತಿದ್ದ ಮಗುವಿಗೆ ಹೊಸ ಶೂ ಎಂದರೆ ಎಷ್ಟು ಸಂಭ್ರಮ ಎನ್ನುವುದು ಕೊಟ್ಟ ದಿನ ಶಾಲೆಯ ಜಗಲಿಯಲ್ಲಿ ನಿಂತವರಿಗೆ ಗೊತ್ತು. ಯೋಜನೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಎರಡು ಕಡೆ. ದರ ತರಗತಿಯನ್ನು ನೋಡಿ ನಿಗದಿಯಾಗುತ್ತದೆ, ಆ ಗಡಿಬಿಡಿಯಲ್ಲಿ ಸೈಜೂ ಅಂದಾಜಿನಲ್ಲೇ ಆರ್ಡರ್ ಆಗುವ ಅಪಾಯವಿದೆ. ಮತ್ತೊಂದು, ಕರಾವಳಿಯ ಮಳೆ.

ಮೊದಲು ಪಾದದ ವಿಷಯ. ಪ್ರಾಥಮಿಕ ಶಾಲೆಯ ಮಗುವಿನ ಪಾದ ತಿಂಗಳಿಗೆ ಒಂದು ಮಿಲಿಮೀಟರಿಗೆ ತುಸು ಕಡಿಮೆ ಬೆಳೆಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ನಮ್ಮ ಅಂಗಡಿಗಳಲ್ಲಿ ನಡೆಯುವ ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಎಂಟೂವರೆ ಮಿಲಿಮೀಟರಿನಷ್ಟು ಅಂತರ. ಸರಿಯಾದ ಶೂವಿನಲ್ಲಿ ಉದ್ದದ ಬೆರಳಿನ ಮುಂದೆ ಹತ್ತರಿಂದ ಹನ್ನೆರಡು ಮಿಲಿಮೀಟರ್ ಖಾಲಿ ಬಿಡಬೇಕೆಂದು ಮಕ್ಕಳ ಪಾದ ಬಲ್ಲವರು ಹೇಳುತ್ತಾರೆ. ಅಂದರೆ ಸರಿಯಾದ ಅಳತೆಯಲ್ಲೇ ಒಂದು ಶಾಲಾ ವರ್ಷದ ಬೆಳವಣಿಗೆಗೆ ಜಾಗ ಸೇರಿದೆ! ಅದರ ಮೇಲೆ ಇನ್ನೊಂದು ಸೈಜ್ ಏರಿಸಿದರೆ ಮಳೆಗಾಲವಿಡೀ ಪಾದ ಒಳಗೆ ಜಾರುತ್ತದೆ. ಜಾರದಂತೆ ಹಿಡಿಯಲು ಮಗು ಬೆರಳುಗಳನ್ನು ಮುದುಡಿಕೊಂಡು ನಡೆಯುತ್ತದೆ, ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತದೆ. ಕೊನೆಗೆ ಹೆಜ್ಜೆಗಳು ಶೂವಿನ ಹಿಂಭಾಗವನ್ನು ತುಳಿದು ಚಪ್ಪಟೆ ಮಾಡುತ್ತವೆ. ಎರಡು ವರ್ಷಕ್ಕೆಂದು ತಂದದ್ದು ಒಂದು ವರ್ಷವೂ ಬಾಳುವುದಿಲ್ಲ.

ಚಿಕ್ಕದಾದ ಶೂವಿನ ಕೆಡುಕು ಇನ್ನೂ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಆಸ್ಟ್ರಿಯಾದಲ್ಲಿ 858 ಪುಟ್ಟ ಮಕ್ಕಳ ಪಾದ ಹಾಗೂ ಶೂ ಎರಡನ್ನೂ ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹೆಚ್ಚಿನ ಮಕ್ಕಳು ತಮ್ಮ ಪಾದಕ್ಕೆ ಸಾಲದ ಶೂಗಳಲ್ಲೇ ಓಡಾಡುತ್ತಿದ್ದರು. ಶೂ ಗಿಡ್ಡವಾದಷ್ಟೂ ಹೆಬ್ಬೆರಳು ಪಕ್ಕದ ಬೆರಳುಗಳತ್ತ ವಾಲುವುದು ಹೆಚ್ಚಿತ್ತು. ಮಕ್ಕಳು ಈ ಬಗ್ಗೆ ದೂರುವುದು ಕಡಿಮೆ. ಎಳೆಯ ಪಾದದಲ್ಲಿ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಮೃದ್ವಸ್ಥಿ ಬಹಳ, ಹಾಗಾಗಿ ಒತ್ತಿದ ಕಡೆಗೆ ಬಾಗಿಕೊಡುತ್ತದೆ. ‘ಸರಿ ಆಗ್ತದಾ?’ ಎಂದು ಕೇಳಿದರೆ ಹೊಸ ಶೂವಿನ ಆಸೆಗೆ ‘ಆಗ್ತದೆ’ ಎನ್ನುವ ಮಗುವಿನ ಮಾತನ್ನು ನಂಬಿ ಕೊಳ್ಳುವಂತಿಲ್ಲ.

ಭಾರತದ ಪಾದಕ್ಕೆ ಭಾರತದ್ದೇ ಅಳತೆ ಇರಲಿಲ್ಲ ಎನ್ನುವುದೂ ಇಲ್ಲಿ ಸೇರುತ್ತದೆ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಯಂತ್ರದಲ್ಲಿ ಸ್ಕ್ಯಾನ್ ಮಾಡಿತು. ನಮ್ಮವರ ಪಾದ ಯುರೋಪಿನವರದ್ದಕ್ಕಿಂತ ಅಗಲ ಎಂದು ತಿಳಿಯಿತು. ಅಗಲಕ್ಕೆ ಹೊಂದಿಸಲು ಹೋಗಿ ಉದ್ದದಲ್ಲಿ ದೊಡ್ಡದಾದ ಶೂ ಕೊಂಡು, ಲೇಸು ಬಿಗಿದು ಸುಧಾರಿಸಿಕೊಳ್ಳುವ ಅಭ್ಯಾಸ ದೇಶಕ್ಕೇ ಅಂಟಿದೆ. ಇದರ ಮೇಲೆ ‘ಭಾ’ ಎಂಬ ಹೊಸ ಅಳತೆಯ ಪ್ರಸ್ತಾವ ಸಿದ್ಧವಾಯಿತು. ವಯಸ್ಸಿಗೆ ತಕ್ಕಂತೆ ಎಂಟು ಗುಂಪು, ಅದರಲ್ಲಿ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೇ ಒಂದು ಗುಂಪು.

ಅದೇ ಸಮೀಕ್ಷೆಯ ಇನ್ನೊಂದು ಅಂಶ ನಮ್ಮ ಶಾಲೆಗಳ ಕಣ್ಣು ತೆರೆಸಬೇಕು. ಹೆಣ್ಣುಮಕ್ಕಳ ಪಾದ ಸುಮಾರು ಹನ್ನೊಂದನೇ ವಯಸ್ಸಿಗೆ, ಗಂಡುಮಕ್ಕಳದ್ದು ಹದಿನೈದು ಹದಿನಾರಕ್ಕೆ ಬೆಳವಣಿಗೆಯ ತುದಿ ಮುಟ್ಟುತ್ತದೆ. ಎಂಟನೇ ತರಗತಿಯ ಒಂದೇ ಬೆಂಚಿನ ಸಾಲಿನಲ್ಲಿ ಪಾದ ಬೆಳೆದು ಮುಗಿದ ಹುಡುಗಿಯೂ ತಿಂಗಳು ತಿಂಗಳಿಗೆ ಉದ್ದವಾಗುವ ಪಾದದ ಹುಡುಗನೂ ಇರುತ್ತಾರೆ. ಒಂದು ತರಗತಿಗೆ ಇಷ್ಟು ದೊಡ್ಡದು, ಇಷ್ಟು ಚಿಕ್ಕದು ಎಂದು ಪಟ್ಟಿ ಬರೆದರೆ ತಪ್ಪದೆ ಇರಲು ಸಾಧ್ಯವೇ?

ಈಗ ಮಳೆಯ ವಿಷಯ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಗಳಿಂದ ಬರುವ ಮಗು ತೋಟದ ಕಟ್ಟಪುಣಿ, ತೋಡಿನ ಮೇಲಿನ ಸಂಕ, ಮುರಕಲ್ಲಿನ ಗುಡ್ಡೆದಾರಿ ದಾಟಿ ಡಾಮರು ರಸ್ತೆಗೆ ಬರಬೇಕು. ಲೇಸಿನ ಶೂ ಮೊದಲ ತೋಡಿನಲ್ಲೇ ನೀರು ಕುಡಿದಿರುತ್ತದೆ. ಒದ್ದೆ ಸಾಕ್ಸ್‌ನೊಳಗೆ ಸಂಜೆವರೆಗೆ ಬೆಂದ ಬೆರಳ ಸಂದಿಯಲ್ಲಿ ತುರಿಕೆ, ಬಿರುಕು, ಶಿಲೀಂಧ್ರದ ಹುಣ್ಣು. ಆಟಿ ತಿಂಗಳಲ್ಲಿ ಒಲೆಯ ಮೇಲೆ ತೂಗುಹಾಕಿದರೂ ಆ ಶೂ ಬೆಳಗ್ಗೆಗೆ ಒಣಗುವುದಿಲ್ಲ. ಹಾಗಾಗಿ ಶೂ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ, ಮಗು ಹವಾಯಿ ಚಪ್ಪಲಿಯಲ್ಲಿ ಶಾಲೆಗೆ ಹೋಗುತ್ತದೆ. ಮಳೆ ಬಿಟ್ಟು ಶೂ ಹೊರತೆಗೆಯುವಾಗ ಪಾದ ಮೂರ್ನಾಲ್ಕು ಮಿಲಿಮೀಟರ್ ಬೆಳೆದಾಗಿದೆ. ಹಣ ಬರುವ ಹೊತ್ತೂ ನೆಟ್ಟಗಿಲ್ಲ. 2022ರಲ್ಲಿ ಶೂ, ಸಾಕ್ಸ್‌ಗೆಂದು ಸರಕಾರ 132 ಕೋಟಿ ರೂಪಾಯಿ ಮಂಜೂರು ಮಾಡಿದ್ದು ಜುಲೈಯಲ್ಲಿ. ಶಾಲೆ ಶುರುವಾಗಿ ಆಗಲೇ ಎಷ್ಟೋ ವಾರಗಳು ಕಳೆದಿದ್ದವು.

ಪರಿಹಾರ ಹುಡುಕಲು ವಿಧಾನಸೌಧದವರೆಗೆ ಹೋಗಬೇಕಾಗಿಲ್ಲ. ಸ್ಥಳೀಯ ಹವಾಮಾನ ನೋಡಿಕೊಂಡು ಶೂ ಬದಲಿಗೆ ಸ್ಯಾಂಡಲ್ ಕೊಳ್ಳಬಹುದೆಂಬ ಅವಕಾಶ ಖರೀದಿಯ ಸೂಚನೆಗಳಲ್ಲೇ ಇದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ತಾಲೂಕುಗಳಿಗೆ ಆ ಅವಕಾಶ ಹೇಳಿ ಮಾಡಿಸಿದಂತಿದೆ. ಹಿಂದೆ ಪಟ್ಟಿ, ಮುಂದೆ ವೆಲ್‌ಕ್ರೋ ಇರುವ ಸ್ಯಾಂಡಲ್ ನೀರು ಸುರಿದು ಹೋಗುವಂತಿರುತ್ತದೆ, ಬೇಗ ಒಣಗುತ್ತದೆ. ಪಟ್ಟಿಯನ್ನು ಸಡಿಲಿಸಿದರೆ ಅಗಲದ ಪಾದಕ್ಕೂ ಹೊಂದುತ್ತದೆ. ತರಗತಿಯ ಹೊರಗೆ, ಮನೆಯ ಹೊಸ್ತಿಲಲ್ಲಿ, ದೇವಸ್ಥಾನದ ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಕಳಚಿ ಹಾಕುವ ಊರಿನಲ್ಲಿ ಲೇಸು ಕಟ್ಟುತ್ತ ಕೂರಬೇಕಾಗಿಲ್ಲ. ಎರಡು ಜೊತೆ ಸಾಕ್ಸ್‌ನ ದುಡ್ಡು ಉಳಿಯುತ್ತದೆ, ಅದೇ ಹಣದಲ್ಲಿ ಗಟ್ಟಿ ಅಟ್ಟೆಯ ಸ್ಯಾಂಡಲ್ ಬರುತ್ತದೆ.

ಸ್ಯಾಂಡಲ್ ಎಂದರೆ ಎರಡನೇ ದರ್ಜೆ ಎಂಬ ಅಳುಕಿಗೆ ಕರಾವಳಿಯ ವೈದ್ಯರೇ ಉತ್ತರ ಕೊಟ್ಟಿದ್ದಾರೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ಪರೀಕ್ಷಿಸಿದರು. 1992ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಜಗತ್ತಿನ ಪಾದತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ, ಹಾಕದವರಲ್ಲಿ ಶೇ 2.8. ಮೂತಿ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಹಾಗೂ ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಶೂವೇ ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು, ಆದರೆ ಎಳೆಯ ಪಾದಕ್ಕೆ ತೆರೆದ ಪಾದರಕ್ಷೆ ಕೀಳು ಎಂಬ ವಾದಕ್ಕೆ ಇಲ್ಲಿ ಆಸರೆ ಸಿಗುವುದಿಲ್ಲ.

ಹಾಗಾದರೆ ಬರಿಗಾಲೇ ಒಳ್ಳೆಯದಲ್ಲವೇ ಎಂದು ಕೇಳುವವರೂ ಇದ್ದಾರೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿ ಲೋಕದ ಗಮನ ಸೆಳೆದ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ ಓಡಿದ್ದು ಬರಿಗಾಲಲ್ಲೇ. ಕೆಲವೇ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಆ ವೇಗವನ್ನು ಮೀರಿದರು. ಅಥ್ಲೆಟಿಕ್ ಟ್ರ್ಯಾಕಿಗೆ ಕರೆ ಬಂದಾಗ ಶ್ರೀನಿವಾಸ ಗೌಡ ಹೇಳಿದ ಮಾತು ಇಲ್ಲಿ ನೆನೆಯುವಂಥದ್ದು: ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳಿನ ಕೆಲಸ, ಎರಡೂ ಬೇರೆ ಬೇರೆ. ಕೆಸರುಗದ್ದೆಗೆ ಬರಿಗಾಲು ಸರಿ, ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿಗೆ ಮುಳ್ಳಿನ ಬೂಟು ಸರಿ. ಗೊಬ್ಬರ, ಗಾಜಿನ ಚೂರು, ಕೊಳಚೆ ನೀರು ಬೆರೆತ ಶಾಲೆಯ ದಾರಿಗೆ ಎರಡೂ ಅಲ್ಲ. ಕೊಕ್ಕೆಹುಳು ಒಳಹೋಗುವುದು ಬರಿಗಾಲಿನ ಚರ್ಮದ ಮೂಲಕ. ಜಿಲ್ಲೆಗೆ ಮಳೆಗಾಲದಲ್ಲಿ ಕಾಡುವ ಇಲಿಜ್ವರಕ್ಕೆ ಕಾಲಿನ ಒಂದು ಗೀರುಗಾಯ ಸಾಕು. ಪಾದರಕ್ಷೆ ಬೇಕು, ಪಾದಕ್ಕೂ ದಾರಿಗೂ ತಕ್ಕದ್ದು ಬೇಕು.

ಅಳೆಯುವುದು ದೊಡ್ಡ ವಿದ್ಯೆಯಲ್ಲ. ಗೋಡೆಗೆ ಹಿಮ್ಮಡಿ ತಾಗಿಸಿ ಮಗುವನ್ನು ಕಾಗದದ ಮೇಲೆ ನಿಲ್ಲಿಸಬೇಕು, ಕೂರಿಸಿ ಅಳೆದರೆ ಪಾದ ಹರಡುವುದಿಲ್ಲ. ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಬೇಕು, ಕೆಲವರಿಗೆ ಅದು ಹೆಬ್ಬೆರಳಲ್ಲ, ಎರಡನೆಯದು. ಎರಡೂ ಪಾದ ಅಳೆದು ದೊಡ್ಡದನ್ನು ಹಿಡಿಯಬೇಕು. ದಿನವಿಡೀ ನಡೆದ ಪಾದ ತುಸು ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಒಳ್ಳೆಯದು. ಬಂದ ಅಂಕಿಗೆ ಹತ್ತರಿಂದ ಹನ್ನೆರಡು ಮಿಲಿಮೀಟರ್ ಕೂಡಿಸಿ ಶೂವಿನ ಒಳಗಿನ ಉದ್ದಕ್ಕೆ ಹೋಲಿಸಬೇಕು. ಪೆಟ್ಟಿಗೆಯ ಮೇಲಿನ ನಂಬರನ್ನು ನೆಚ್ಚಬಾರದು, ಕಂಪೆನಿಯಿಂದ ಕಂಪೆನಿಗೆ ಅದು ಬದಲಾಗುತ್ತದೆ. ಒಳಗಿನ ಅಟ್ಟೆ ಹೊರಬರುವಂತಿದ್ದರೆ ತೆಗೆದು ಅದರ ಮೇಲೆ ಮಗುವನ್ನು ನಿಲ್ಲಿಸಿದರೆ ಉದ್ದವೂ ಅಗಲವೂ ಕಣ್ಣಿಗೇ ಕಾಣುತ್ತದೆ.

ಐವತ್ತು ಅರುವತ್ತು ಮಕ್ಕಳ ಹಳ್ಳಿ ಶಾಲೆಯಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ದೊಡ್ಡ ಮಕ್ಕಳೇ ಚಿಕ್ಕವರ ಪಾದ ಅಳೆದು ಪಟ್ಟಿ ಬರೆದರೆ ಗಣಿತದ ಪಾಠವೂ ಆಗುತ್ತದೆ. ಆ ಪಟ್ಟಿ ಕೈಯಲ್ಲಿಟ್ಟುಕೊಂಡು ಎಸ್‌ಡಿಎಂಸಿ ಅಂಗಡಿಯವರೊಂದಿಗೆ ಮಾತಾಡಬೇಕು, ಹದಿನೈದು ದಿನದೊಳಗೆ ಸೈಜ್ ಬದಲಿಸಿಕೊಡುವ ಕರಾರನ್ನು ಬಿಲ್ಲಿನಲ್ಲೇ ಬರೆಸಬೇಕು. ಹಣ ಮೇ ತಿಂಗಳೊಳಗೆ ಖಾತೆಗೆ ಬರುವಂತೆ ಇಲಾಖೆ ನೋಡಿಕೊಳ್ಳಬೇಕು. ದಸರೆ ರಜೆ ಮುಗಿದ ವಾರ ಮತ್ತೊಮ್ಮೆ ಅಳೆದು, ಬಿಗಿಯಾದವರ ಜೋಡನ್ನು ಆ ಅಳತೆಗೆ ಬಂದ ಮಗುವಿನೊಂದಿಗೆ ಬದಲಿಸುವ ವ್ಯವಸ್ಥೆ ಶಾಲೆಯಲ್ಲೇ ಇರಲಿ. ಮಳೆಗಾಲದಲ್ಲೂ ಕಪ್ಪು ಲೇಸ್ ಶೂವನ್ನೇ ಕಡ್ಡಾಯ ಮಾಡುವ ಖಾಸಗಿ ಶಾಲೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನಿಯಮ ಸಡಿಲಿಸಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ಬರುವ ಏಪ್ರಿಲ್‌ನ ಸಭೆಯಲ್ಲಿ ಸ್ಯಾಂಡಲ್ ಖರೀದಿಯ ಅವಕಾಶವನ್ನು ಪ್ರತಿ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿದರೆ ಜೂನ್ ಒಂದರೊಳಗೆ ಅಳತೆಯ ಪಟ್ಟಿ ಅಂಗಡಿ ಸೇರಬಹುದು.