ಒಲೆಗೆ ಬಾರದ ಹಲಗೆ

ಬಸವಕಲ್ಯಾಣದಲ್ಲಿಯೂ ಹುಮನಾಬಾದಿನಲ್ಲಿಯೂ ಹೊಸ ಮನೆ ಕಟ್ಟಿಸುವವರಿಗೆ ಈಚೆಗೆ ಹೊಸದೊಂದು ಹಂಬಲ ಹತ್ತಿಕೊಂಡಿದೆ. ಮಾಳಿಗೆಯ ಮೇಲೋ ಮನೆಯ ಮುಂದೆಯೋ ನಾಲ್ಕು ಜನ ಕುಳಿತು ಮಾತನಾಡುವಷ್ಟು ಜಾಗಕ್ಕೆ ಹಲಗೆ ಹಾಸಬೇಕು, ಅದನ್ನು 'ಡೆಕ್' ಎಂದು ಕರೆಯಬೇಕು. ಹಡಗಿನ ಮೇಲಿನ ಈ ಮಾತು ಸಮುದ್ರವನ್ನೇ ಕಾಣದ ನಮ್ಮ ಸೀಮೆಗೆ ಬಂದು ಹೇಗೆ ಲಂಗರು ಹಾಕಿತೋ ತಿಳಿಯದು. ಪಡಸಾಲೆ, ಜಗಲಿ, ಕಟ್ಟೆ ಎಂಬ ಮಾತುಗಳೇನೂ ಸವೆದುಹೋಗಿರಲಿಲ್ಲ. ಹೋಗಲಿ, ಹೆಸರಿನ ಜಗಳ ಕನ್ನಡ ಮೇಷ್ಟರ ಹಳೆಯ ಚಾಳಿ. ನನ್ನ ತಕರಾರು ಇರುವುದು ಹಲಗೆಯ ಬಗ್ಗೆ.

ಹಲಗೆಯಲ್ಲಿ ಈಗ ಎರಡು ಜಾತಿ. ಒಂದು ಮರದ್ದು. ಇನ್ನೊಂದು, ಮರದ ಹೊಟ್ಟನ್ನು ಪ್ಲಾಸ್ಟಿಕ್ಕಿನೊಡನೆ ಕಲಸಿ, ಕಾಯಿಸಿ, ಅಚ್ಚಿನಿಂದ ಒತ್ತಿ ತೆಗೆದದ್ದು. ಅಂಗಡಿಯಲ್ಲಿ ಅದರ ಹೆಸರು ಡಬ್ಲ್ಯು.ಪಿ.ಸಿ. "ಇದಕ್ಕ ಗೆದ್ದಲ ಹತ್ತಲ್ಲ, ನೀರ ಹಿಡಿಯಲ್ಲ, ಬಣ್ಣದ ಖರ್ಚಿಲ್ಲ, ಒಮ್ಮಿ ಹಚ್ಚಿ ಮರತಬಿಡ್ರಿ ಸರ್" ಎಂಬುದು ಅಂಗಡಿಯವರ ಮಂತ್ರ. ಈ ಮಂತ್ರದಲ್ಲಿ ಸುಳ್ಳು ಹೆಚ್ಚಿಲ್ಲವೆಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಸದಾ ನೀರು ಬೀಳುವ ಬಚ್ಚಲುಮನೆಯ ಬಾಗಿಲಿಗೆ ಈ ಹಲಗೆ ಮರಕ್ಕಿಂತ ಮೇಲು. ನನಗೆ ಒಪ್ಪಿಗೆಯಾಗದಿರುವುದು ಕೊನೆಯ ಮಾತು: 'ಮರತುಬಿಡ್ರಿ' ಎಂಬುದು.

ಈ ಹಲಗೆಯ ಹುಟ್ಟೂರನ್ನು ಸ್ವಲ್ಪ ನೋಡೋಣ. ಅಮೆರಿಕದವರು ಮನೆಯ ಹಿಂದೆ ಮಳೆ ಹಿಮಗಳಿಗೆ ಒಡ್ಡಿ ಹಾಸುವುದು ಬಹುಮಟ್ಟಿಗೆ ಪೈನ್ ಜಾತಿಯ ಮೆದು ಮರ. ಅದು ಕೊಳೆಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧವನ್ನು ಮರದೊಳಗೆ ಇಳಿಸುತ್ತಿದ್ದರು. ಈ ಔಷಧವನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶನ್. ಮಕ್ಕಳು ಆಡುವ ನೆಲದಲ್ಲಿ ಆರ್ಸೆನಿಕ್ ಇರುವುದೇ ಎಂಬ ಭಯ ಬೆಳೆದು, 2003ರ ಕೊನೆಗೆ ಅಲ್ಲಿಯ ಮನೆಬಳಕೆಯ ಮರದಿಂದ ಅದನ್ನು ಬಹುಮಟ್ಟಿಗೆ ತೆಗೆದರು. 1990ರ ದಶಕದಲ್ಲಿಯೇ ಮಾರುಕಟ್ಟೆಗೆ ಬಂದಿದ್ದ ಮಿಶ್ರ ಹಲಗೆಗೆ ಹಾದಿ ಇನ್ನಷ್ಟು ಸುಗಮವಾಯಿತು. ಅಲ್ಲಿಯ ರೋಗಕ್ಕೆ ಅಲ್ಲಿಯ ಮದ್ದು, ಸರಿಯೇ. ಆದರೆ ಆ ರೋಗ ನಮಗೆ ಬಂದದ್ದು ಯಾವಾಗ?

ನಮ್ಮ ಹಿರಿಯರು ಮೆದು ಮರವನ್ನು ಬಯಲಿಗೆ ಹಾಸಲಿಲ್ಲ. ಸಾಗವಾನಿ, ಬೇವು, ಜಾಲಿಗಳನ್ನು ಮಾಳಿಗೆಯ ನೆರಳಿನಲ್ಲಿ ನಿಲ್ಲಿಸಿದರು. ಕಂಬದ ಬುಡ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಇಟ್ಟರು. ಬೀದರ ಕೋಟೆಯ ರಂಗೀನ್ ಮಹಲಿಗೆ ಹೋಗಿ ನೋಡಿ: 16ನೆಯ ಶತಮಾನದ ಅಲಿ ಬರೀದನ ಕಾಲದ ಕೆತ್ತನೆಯ ಮರದ ಕಂಬಗಳು ಇಂದಿಗೂ ನಿಂತಿವೆ. ಅವು ಉಳಿದದ್ದು ರಾಜನ ಹಣದಿಂದ ಮಾತ್ರವೇ? ತಲೆಯ ಮೇಲೊಂದು ಸೂರಿರುವುದರಿಂದ. ತೆರೆದ ಬಿಸಿಲಿಗೆ ಪರದೇಶದ ತೇಗ ತರಿಸಿ, ವಾರ್ನಿಷ್ ಹೊಡೆದು, ಎರಡು ಮಳೆಗಾಲದಲ್ಲಿ ಅದು ಬಿರಿಯಿತೆಂದು ಮರವನ್ನು ಬೈಯುವ ಶ್ರೀಮಂತರಿಗೂ ಈ ಮಾತು ಅನ್ವಯಿಸುತ್ತದೆ. ಬಯಲಿಗೆ ಹಾಸಲು ಕಲಬುರಗಿ ಸೀಮೆಯ ಶಹಾಬಾದಿ ಫರಸಿ ಇದೆ. ಸಂಜೆ ಒಂದು ಕೊಡ ನೀರು ಸುರಿದರೆ ತಣ್ಣಗಾಗುತ್ತದೆ. ಮರವಿರಬೇಕಾದದ್ದು ನೆರಳಿನಲ್ಲಿ.

ಇನ್ನು ಮಿಶ್ರ ಹಲಗೆಯ ಪಾಡು. ನಮ್ಮ ಕಡೆ ಮೇ ತಿಂಗಳಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಮರ ತೇವಕ್ಕೆ ಅಡ್ಡಡ್ಡ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ; ಆ ಲೆಕ್ಕ ಬಡಗಿಗೆ ಗೊತ್ತು, ಅದಕ್ಕೇ ಅವನು ಸಂದು ಬಿಡುತ್ತಾನೆ. ಪ್ಲಾಸ್ಟಿಕ್ ಬೆರೆತದ್ದು ಕಾವಿಗೆ ಉದ್ದುದ್ದ ಹಿಗ್ಗುತ್ತದೆ. ಮರದಷ್ಟು ಬಿಗುವಿಲ್ಲದ ಕಾರಣ ಕೆಳಗೆ ಆಧಾರದ ಪಟ್ಟಿಗಳನ್ನು ಒತ್ತೊತ್ತಾಗಿ ಕೊಡಬೇಕು, ಕೊಡದಿದ್ದರೆ ಜೋಲುತ್ತದೆ. ಕಪ್ಪು, ಕಂದು ಬಣ್ಣದ್ದಾದರೆ ಬಿಸಿಲಿನಲ್ಲಿ ಹೆಂಚಿನಂತೆ ಕಾಯುತ್ತದೆ. ಬೂಟು ಹಾಕಿ ಓಡಾಡುವವರಿಗೆ ಅದು ತಿಳಿಯದಿರಬಹುದು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ನಮ್ಮ ಅಂಗಾಲಿಗೆ ತಿಳಿಯದಿದ್ದೀತೇ?

ಇಷ್ಟನ್ನೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಇದು: ಹಲಗೆ ಸೀಳಿದರೆ ಗತಿಯೇನು? ಮರ ಸೀಳಿದರೆ ಬಡಗಿ ಬರುತ್ತಾನೆ. ಕೆಟ್ಟದ್ದಷ್ಟನ್ನು ಕೊಯ್ದು ತೇಪೆ ಕೂಡಿಸುತ್ತಾನೆ, ಕೀಸುಳಿಯಿಂದ ಹೆರೆದು ಹೊಸದು ಮಾಡುತ್ತಾನೆ. ಮಿಶ್ರ ಹಲಗೆಯನ್ನು ಹಾಗೆ ಹೆರೆದು ಹೊಸದು ಮಾಡುವಂತಿಲ್ಲ. ಕಿತ್ತೊಗೆದು ಬೇರೆಯದನ್ನು ಕೊಳ್ಳಬೇಕು. ಅಷ್ಟರಲ್ಲಿ ಅಂಗಡಿಯಲ್ಲಿ ಆ ಬಣ್ಣ, ಆ ಅಳತೆ ಇದ್ದರೆ ಪುಣ್ಯ. ದುರಸ್ತಿಗೆ ಒಗ್ಗದ ವಸ್ತುವನ್ನು ಬಾಳಿಕೆಯ ವಸ್ತು ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಕಿತ್ತೊಗೆದದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಕಡೆ ಮರದ ಕೊನೆಯ ಚೂರೂ ಬಡವರ ನೀರೊಲೆ ಸೇರಿ ಬೂದಿಯಾಗುತ್ತದೆ. ಮರದ ಬಣ್ಣವನ್ನೇ ಹೊತ್ತ ಈ ಚೂರನ್ನೂ ಯಾರೋ ತಾಯಿ ಸೌದೆಯೆಂದು ಆರಿಸಿಕೊಂಡು ಹೋದಾಳು. ನಮ್ಮಲ್ಲಿ ಈ ಹೆಸರಿನಿಂದ ಮಾರುವ ಎಷ್ಟೋ ಹಲಗೆಗಳಲ್ಲಿರುವುದು ಪಿ.ವಿ.ಸಿ. ಅದು ಉರಿದರೆ ಕಣ್ಣು, ಶ್ವಾಸಕೋಶಗಳನ್ನು ಸುಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಅರೆಬರೆ ಉರಿಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟಬಹುದು. ನಾವು ಹಚ್ಚಿ ಮರೆತದ್ದನ್ನು ಆಕೆಯ ಮಕ್ಕಳು ಉಸಿರಾಡಬೇಕೇ?

'ಹಾಗಾದರೆ ಕಾಡು ಕಡಿಯೋಣವೇ?' ಎಂದು ಕೇಳುವವರಿದ್ದಾರೆ. ಕಾಡು ಕಡಿಮೆಯಿರುವ ಜಿಲ್ಲೆಯಲ್ಲಿ ಇದು ನ್ಯಾಯವಾದ ಪ್ರಶ್ನೆ. ಉತ್ತರವೂ ಊರೊಳಗೇ ಇದೆ. ಹಳೆಯ ವಾಡೆಗಳನ್ನು ಕೆಡವಿದಾಗ ಸಿಕ್ಕುವ ಸಾಗವಾನಿಯ ತೊಲೆ, ಕಂಬಗಳಿಗಾಗಿ ಹೊಸದಾಗಿ ಒಂದು ಗಿಡವನ್ನೂ ಕಡಿಯಬೇಕಿಲ್ಲ. ಅದು ಸಾಲದಿದ್ದರೆ ಹೊಲದ ಬದುವಿನ ಬೇವು, ಜಾಲಿ ಇವೆ. ಒಂದನ್ನು ಕಡಿದವರು ಎರಡನ್ನು ನೆಡಲಿ. ಬಂಡಿಯ ಗಾಲಿಯ ಪೆಟ್ಟು ತಾಳಿದ ಜಾಲಿ ನಾವು ಕುಳಿತು ಚಹಾ ಕುಡಿಯುವ ಭಾರವನ್ನು ತಾಳದೇ?

ಕಲ್ಯಾಣದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೂ ಒಬ್ಬ. ಬಾಚಿ ಎಂದರೆ ಮರ ಕೆತ್ತುವ ಬಡಗಿಯ ಆಯುಧ. ಸೌದೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನೂ ಅವರೊಳಗೊಬ್ಬ. ಇವರ ಹೆಸರು ಬಂದಾಗ ವೇದಿಕೆಯ ಮೇಲೆ ಕೈಮುಗಿದು, ಕೆಳಗಿಳಿದ ಮೇಲೆ ಬಡಗಿಯೇ ಬೇಡದ ಮನೆ ಕಟ್ಟಿಸುವುದು ಯಾವ ಸೀಮೆಯ ಶರಣಭಕ್ತಿ?

ಕೊಳ್ಳಲೇಬೇಕೆಂದಿರುವವರು ಕೊಳ್ಳಲಿ. ಹಣ ಎಣಿಸುವ ಮೊದಲು ಅಂಗಡಿಯವರನ್ನು ಎರಡು ಮಾತು ಕೇಳಿ: ಇದು ಸೀಳಿದರೆ ನಮ್ಮ ಊರಿನಲ್ಲಿ ಕೂಡಿಸುವವರು ಯಾರು? ಕಿತ್ತ ಮೇಲೆ ಇದನ್ನು ನೀವು ಹಿಂದಕ್ಕೆ ಒಯ್ಯುವಿರಾ? ಎರಡಕ್ಕೂ ಉತ್ತರ ಬಾರದಿದ್ದರೆ ಅಲ್ಲಿಂದ ನೇರ ಬಡಗಿಯ ಮನೆಗೆ ನಡೆಯಿರಿ.