ಕುಲಾವಿಯ ಹೆಣಿಗೆ ಕಾಲಹರಣವೇ?

ಅಂಗಡಿಯಲ್ಲಿ ಕುಲಾವಿ ದೊರೆಯುತ್ತಿರಲು ಹೆಣ್ಣುಮಕ್ಕಳು ಹೆಣಿಗೆಯಲ್ಲಿ ಕಾಲಹರಣ ಮಾಡುವುದೇತಕ್ಕೆಂದು ನಮ್ಮ ರಾಯಲ್ಪಾಡಿನ ಕೆಲವು ಮಹನೀಯರು ಆಕ್ಷೇಪಿಸುವರು. ಈ ವಾದವು ಸಾಧುವಲ್ಲ. ಕಚೇರಿಯಿಂದ ಬಂದು, ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ನಾಲ್ಕು ಸಾಲು ಹೆಣೆಯುವವಳು ಹುಟ್ಟಲಿರುವ ಕೂಸಿಗೆ ತನ್ನ ಆಯುಷ್ಯದ ಒಂದಂಶವನ್ನೇ ಉಡುಗೊರೆಯಾಗಿ ಕೊಡುತ್ತಾಳೆ. ಆ ಸಾರನ್ನೂ ಅವಳೇ ನೋಡಿಕೊಳ್ಳಬೇಕೆಂಬ ನಮ್ಮ ಆಲಸ್ಯವೇ ಆಕ್ಷೇಪಾರ್ಹವಾದುದು.

ಹೆಣಿಗೆಯು ಸ್ತ್ರೀಯರ ಕೆಲಸವೆನ್ನುವಿರಾ? ನಮ್ಮ ನಾಡಿನ ಕುರುಬರಲ್ಲಿ ಹೆಂಗಸರು ನೂತ ಉಣ್ಣೆಯನ್ನು ಗಂಡಸರೇ ಕಂಬಳಿಯಾಗಿ ನೆಯ್ದು ಬಂದಿರುವರು. 1924ರ ಬೆಳಗಾವಿ ಕಾಂಗ್ರೆಸ್ಸು ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲನ್ನು ವಿಧಿಸಿದಾಗ ವಿದ್ಯಾವಂತ ಗಂಡಸರೂ ರಾಟೆ ಹಿಡಿದರು. ಪೌರುಷಕ್ಕೆ ಊನವೇನೂ ಬರಲಿಲ್ಲ. ಆದುದರಿಂದ ಆಕ್ಷೇಪಿಸುವ ಮಹನೀಯರೂ ಹೆಣಿಗೆಯ ಕಡ್ಡಿ ಹಿಡಿಯಲಿ. ಅದು ಕೈಗೆ ಬಾರದಿದ್ದರೆ ಅಷ್ಟು ಹೊತ್ತು ಒಲೆಯನ್ನಾದರೂ ನೋಡಿಕೊಳ್ಳಲಿ.